ಬಂಗಡೆ ಪೆಟ್ಟಿಗೆಯ ಅರಮನೆ

‘ಮನೆಯಲ್ಲೇ ಇರುವ ವಸ್ತುಗಳಿಂದ, ಹತ್ತೇ ನಿಮಿಷದಲ್ಲಿ, ಮಕ್ಕಳ ಪಾರ್ಟಿಗೆ ಅರಮನೆ’ ಎಂದು ವಿಡಿಯೊ ಮಾಡಿ ಹಾಕಿದ ಆ ಹೆಂಗಸು ಎಲ್ಲಾದರೂ ಎದುರಿಗೆ ಸಿಕ್ಕಿದರೆ ನನ್ನದು ಒಂದೇ ಪ್ರಶ್ನೆ: ಯಾರ ಮನೆಯಲ್ಲಿ, ತಾಯೀ?

ಅವಳ ಮನೆಯಲ್ಲಿ ಹೊಸ ಟಿವಿಯ ಜೊತೆ ಬಂದ ಥರ್ಮೊಕೋಲು ಇತ್ತು. ನಮ್ಮ ಮನೆಯಲ್ಲೂ ಥರ್ಮೊಕೋಲಿಗೆ ಬರವಿಲ್ಲ. ಹಿಂದಿನ ಚಾವಡಿಯಲ್ಲಿ ಪೆಟ್ಟಿಗೆಗಳು ಸೂರು ಮುಟ್ಟುವಷ್ಟಿವೆ. ನನ್ನ ಗಂಡ ರತೀಶ್ ಬೆಳಿಗ್ಗೆ ಬಂದರಿನಲ್ಲಿ ಮೀನು ಹಿಡಿದು (ಹರಾಜಿನಲ್ಲಿ ಹಿಡಿಯುವುದು, ಸಮುದ್ರದಲ್ಲಿ ಹಿಡಿಯುವುದು ಅವರ ಅಣ್ಣನ ಇಲಾಖೆ) ಅದೇ ಪೆಟ್ಟಿಗೆಗಳಲ್ಲಿ ಮಂಜುಗಡ್ಡೆಯ ಜೊತೆ ತುಂಬಿ, ಟೆಂಪೊದಲ್ಲಿ ವಂಡ್ಸೆ ಕಡೆ ಮಾರಿಕೊಂಡು ಬರುತ್ತಾರೆ. ಅತ್ತೆ ಪದ್ದು ತಮ್ಮ ಪ್ರಾಯದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ತೆಕ್ಕಟ್ಟೆಯ ಮನೆಮನೆಗೆ ಬಂಗಡೆ ಮುಟ್ಟಿಸಿದವರು. ನಾನು ಬೈಂದೂರು ಕಡೆಯ ದೋಣಿಯವರ ಮಗಳು. ಅಂದರೆ ದೊಡ್ಡವರ ಮೂರು ಮೂಗುಗಳಿರುವ ನಮ್ಮ ಸಂಸಾರದಲ್ಲಿ ಮೀನಿನ ವಾಸನೆಯ ಬಗ್ಗೆ ಸಾಕ್ಷಿ ಹೇಳಲು ಅರ್ಹವಾದ ಮೂಗು ಒಂದೂ ಇಲ್ಲ. ಈ ಸಂಗತಿ ನನಗೆ ಮೊದಲೇ ಹೊಳೆದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಒಂದು ಜಡೆಯಿಂದ. ಒಂದನೇ ಕ್ಲಾಸಿನ ನನ್ನ ಮಗಳು ದೀಕ್ಷಾಳಿಗೆ ಬೆಳಿಗ್ಗೆ ಬೈತಲೆ ತೆಗೆಯುತ್ತಿದ್ದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೇಳಿದಳು:

“ಅಮ್ಮ, ನಮ್ಮನಿಲ್ ಮೀನ್ ವಾಸ್ನಿ ಬತ್ತಾ?”

“ಯಾರ್ ಹೇಳ್ದ್?”

“ಕೌಶಲ್. ನಂದ್ ಬಂಗ್ಡಿ ಬ್ಯಾಗ್ ಅಂದ. ಹಂಗಾರೆ ನನ್ ಬರ್ತ್‌ಡೇಗ್ ಯಾರೂ ಬಪ್ಪುದಿಲ್ಯಾ?”

ಆ ದಿನ ನನ್ನ ಮಗಳು ಹಾವಿನ ಹಾಗೆ ಓಡುವ ಬೈತಲೆಯೊಂದಿಗೆ ಶಾಲೆಗೆ ಹೋದಳು. ನಾನು ಮಾತ್ರ ಒಳಗೊಳಗೇ ನೆಟ್ಟಗಾಗಿದ್ದೆ. ಅವಳ ಕ್ಲಾಸಿಗೆ ಕ್ಲಾಸೇ ನಮ್ಮ ಮನೆಗೆ ಬರಬೇಕು, ಬಂದವರು ಬಾಯಿ ತುಂಬ ಹೊಗಳಿ ಹೋಗಬೇಕು, ಆ ಕೌಶಲ್ ಮೊದಲನೆಯವನಾಗಿ ಬರಬೇಕು. ಅದೇ ಬಿಸಿಯಲ್ಲಿ ತಾಯಂದಿರ ವಾಟ್ಸಪ್ ಗುಂಪಿನಲ್ಲಿ ಹಾಕಿಬಿಟ್ಟೆ: ‘ಶನಿವಾರ ಸಂಜೆ ನಾಲ್ಕಕ್ಕೆ ದೀಕ್ಷಾಳ ಹುಟ್ಟುಹಬ್ಬ. ಎಲ್ಲ ಅಲಂಕಾರವೂ ನನ್ನ ಕೈಯಿಂದಲೇ.’ ಗುಂಪಿನಲ್ಲಿ ಕೌಶಲನ ಅಮ್ಮ ಶರಣ್ಯಾ ಕೂಡ ಇದ್ದಾಳೆ. ಬ್ರಹ್ಮಾವರದ ಹೆಣ್ಣು. ಮಗನ ಹುಟ್ಟುಹಬ್ಬಕ್ಕೆ ಹಾಲ್ ಹಿಡಿದು, ಬಲೂನಿನಲ್ಲೇ ಮಹಾದ್ವಾರ ಕಟ್ಟಿಸಿದವಳು. ಅವಳು ಒಂದು ಹೆಬ್ಬೆರಳು ಒತ್ತಿದಳು. ವಾಟ್ಸಪ್ಪಿನಲ್ಲಿ ಹೆಬ್ಬೆರಳಿಗೆ ಎಷ್ಟು ಅರ್ಥಗಳಿವೆ ಎಂದು ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ಆರು ಪೆಟ್ಟಿಗೆ ಆರಿಸಿದೆ. ಹುಣಸೆಹಣ್ಣು ಹಾಕಿ ತಿಕ್ಕಿದೆ, ಸಾಬೂನು ಹಾಕಿ ತಿಕ್ಕಿದೆ, ನಿಂಬೆಹುಳಿ ಹಿಂಡಿ ತಿಕ್ಕಿದೆ. ಎರಡು ದಿನ ಅಂಗಳದ ಬಿಸಿಲಿನಲ್ಲಿ ಕವುಚಿ ಹಾಕಿದೆ. ನನ್ನ ಮದುವೆಯ ಹಿಂದಿನ ದಿನ ನನ್ನನ್ನು ಕೂಡ ಯಾರೂ ಇಷ್ಟು ತೊಳೆದಿರಲಿಲ್ಲ.

ನಂತರ ವಾಸ್ತುಶಿಲ್ಪ. ಮೊದಲ ಗೋಪುರಕ್ಕೆ ಡಬ್ಬಿಯ ಸ್ಪ್ರೇ ಬಣ್ಣ ಹೊಡೆದೆ. ಥರ್ಮೊಕೋಲಿಗೂ ಆ ಬಣ್ಣಕ್ಕೂ ಆಗಿಬರುವುದಿಲ್ಲ ಎಂದು ವಿಡಿಯೊದವಳು ಹೇಳಿರಲಿಲ್ಲ. ನಾನು ನೋಡನೋಡುತ್ತಿದ್ದ ಹಾಗೆ ಗೋಪುರ ಚಿರ್‌ ಚಿರ್‌ ಎನ್ನುತ್ತ ಕರಗಿ, ಹಲ್ಲು ಬಿದ್ದ ದವಡೆಯಂತಾಯಿತು. ಮನೆಯೊಳಗಿನಿಂದ ಅತ್ತೆ ಇಣುಕಿದರು.

“ಎಂತ ಹೆಣೆ ಅದ್, ಅರಮನಿಯಾ, ಇಲಿ ತಿಂದ ದೋಸೆಯಾ?”

“ಇನ್ನೂ ಮುಗೀಲಿಲ್ಲೆ ಅತ್ತೆ.”

“ಮುಗೀಲಿಲ್ದೆ ಎಂತ, ಅದ್ ಮುಗ್ದೇ ಹೋಯ್ತಲೆ!”

ಎರಡನೆಯ ಗೋಪುರಕ್ಕೆ ನಾನು ಬುದ್ಧಿವಂತಳಾದೆ. ಕುಚ್ಚಲಕ್ಕಿಯ ಗಂಜಿ ತಿಳಿಯನ್ನು ಗಟ್ಟಿಯಾಗಿ ಕಾಯಿಸಿ ಅಂಟು ಮಾಡಿ, ಹಳೆಯ ಪೇಪರನ್ನು ಪದರ ಪದರವಾಗಿ ಹಚ್ಚಿ, ಅದರ ಮೇಲೆ ಗುಲಾಬಿ ಬಣ್ಣ ಬಳಿದೆ. ಐಸ್‌ಕ್ರೀಮ್ ಕಡ್ಡಿಗಳಿಂದ ಎತ್ತಿ ಇಳಿಸುವ ಸೇತುವೆ. ಹಳೆ ಬಲೆಯ ತುಂಡಿನಿಂದ ಕಿಟಕಿಗೆ ಪರದೆ. ಹಿಂದಿನ ಭಾನುವಾರದ ಸಾರಿನಿಂದ ಉಳಿದ ಮರ್ವಾಯಿ ಚಿಪ್ಪುಗಳನ್ನು ತೊಳೆದು ಬಾಗಿಲ ಸುತ್ತ ಸಾಲಾಗಿ ಅಂಟಿಸಿದೆ. ಮಕ್ಕಳು ನಾಲ್ಕು ಜನ ಒಳಗೆ ಕೂರುವಷ್ಟು ದೊಡ್ಡದು. ಹುಟ್ಟುಹಬ್ಬದ ರಾಣಿಗೆ ಹಳದಿ ಕಾಗದದ ಕಿರೀಟವನ್ನೂ ಮಾಡಿದೆ. ಹತ್ತು ನಿಮಿಷದ ಕೆಲಸ ಒಂಬತ್ತು ದಿನದಲ್ಲಿ ಮುಗಿಯಿತು. ಡೈರಿಯಲ್ಲಿ ಬರೆದೆ: ‘ಅರಮನೆ ಪೂರ್ಣ. ಬೆರಳಿನ ತುದಿಗಳು ಅಪೂರ್ಣ.’

ಕಡೆಗೆ ಪರೀಕ್ಷೆ. ಮೀನು ಮಾರಿ ಆಗಷ್ಟೇ ಬಂದಿದ್ದ ರತೀಶರನ್ನು ಕೈ ಕಾಲು ತೊಳೆಯುವುದಕ್ಕೂ ಬಿಡದೆ ಅರಮನೆಯ ಮುಂದೆ ನಿಲ್ಲಿಸಿದೆ. ಅವರು ತಲೆಯನ್ನು ಒಳಗೆ ಹಾಕಿ ದೀರ್ಘವಾಗಿ ಉಸಿರೆಳೆದರು.

“ಎಂತದೂ ಇಲ್ಲೆ ಮಾರಾಯ್ತಿ. ಸಾಬೂನ್ ವಾಸ್ನಿ ಬತ್ತಿತ್ತ್, ಅಷ್ಟೇ.”

ಅತ್ತೆ ಮೂಗನ್ನು ಗೋಡೆಗೇ ತಾಗಿಸಿ ಮೂಸಿದರು. “ವಾಸ್ನಿಯಾ? ಹೊಸ ಮೀನಿಗ್ ವಾಸ್ನಿ ಎಲ್ಲಿತ್ತ್ ಹೆಣೆ? ವಾಸ್ನಿ ಬಪ್ಪುದ್ ಹಳತಾರೆ ಮಾತ್ರ.”

ನಾನೂ ಮೂಸಿದೆ. ಸುಗಂಧ ಎನ್ನಲಾರೆ, ಆದರೆ ಮನೆ ಮನೆಯ ಹಾಗಿತ್ತು. ತ್ರಿಸದಸ್ಯ ಪೀಠ ಸರ್ವಾನುಮತದಿಂದ ತೀರ್ಪು ಕೊಟ್ಟಿತು.

ಶನಿವಾರ ನಾಲ್ಕಕ್ಕೆ ಹನ್ನೊಂದು ಮಕ್ಕಳು, ಏಳು ತಾಯಂದಿರು ಬಂದರು. ಮೊದಲು ಒಳಗೆ ಕಾಲಿಟ್ಟವಳು ಶರಣ್ಯಾ, ಅವಳ ಕೈ ಹಿಡಿದು ಕೌಶಲ್. ಅರಮನೆಯನ್ನು ಕಂಡದ್ದೇ ಶರಣ್ಯಾಳ ಕಣ್ಣಲ್ಲಿ ನೀರು ತುಂಬಿತು. ಅವಳು ಕರವಸ್ತ್ರ ತೆಗೆದು ಮುಖಕ್ಕೆ ಒತ್ತಿಕೊಂಡಳು. ನನಗೆ ಎದೆ ತುಂಬಿ ಬಂತು. (ಶತ್ರುವಿನ ಕಣ್ಣೀರಿಗಿಂತ ದೊಡ್ಡ ಪ್ರಶಸ್ತಿ ಕಲಾವಿದೆಗೆ ಬೇರೆ ಯಾವುದಿದೆ?)

“ಇದನ್ನೆಲ್ಲ... ನೀವೇ ಮಾಡಿದ್ದಾ?” ಕರವಸ್ತ್ರದ ಒಳಗಿನಿಂದ ಸ್ವರ ಬಂತು.

“ಹೌದು. ಎಲ್ಲ ಮನೆಯದ್ದೇ ಸಾಮಾನು.”

“ಗೊತ್ತಾಗ್ತದೆ,” ಎಂದಳು.

“ಶೀತ ಆಗಿದ್ಯಾ?”

“ಹ್ಞಾಂ... ಸ್ವಲ್ಪ.”

ಆಮೇಲೆ ಬಂದ ತಾಯಂದಿರಿಗೂ ಒಬ್ಬೊಬ್ಬರಿಗೇ ಶೀತ ಹಿಡಿಯಿತು. ಮಾರ್ಚಿನ ಸೆಕೆಯಲ್ಲಿ ಏಳಕ್ಕೆ ಏಳು ಜನರಿಗೂ ಶೀತ ಎಂದರೆ ಊರಿಗೇನೋ ಹೊಸ ಜ್ವರ ಬಂದಿರಬೇಕೆಂದು ನಾನು ಅತ್ತೆಗೆ ಹೇಳಿ ಶುಂಠಿ ಕಷಾಯಕ್ಕೆ ಇಡಿಸಿದೆ. ಎಲ್ಲರೂ ಕಿಟಕಿಯ ಹತ್ತಿರವೇ ನಿಂತಿದ್ದರು. ಕುರ್ಚಿಗಳು ನಡುವಿನಲ್ಲಿ ಖಾಲಿ ಇದ್ದವು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಬಿಸಿಲಿಗೆ ಕಾದ ಹಂಚಿನ ಕೆಳಗೆ, ಇಷ್ಟು ದಿನ ಗಂಜಿ ಮತ್ತು ಪೇಪರಿನ ಒಳಗೆ ಉಸಿರು ಹಿಡಿದು ಕೂತಿದ್ದ ಐದು ಪೆಟ್ಟಿಗೆಗಳು ನಿಧಾನಕ್ಕೆ ಬಾಯಿ ಬಿಟ್ಟವು. ಕೌಶಲ್ ಮೂಗನ್ನು ಮೇಲೆತ್ತಿ, ಸಭೆಗೆಲ್ಲ ಕೇಳುವಂತೆ ಘೋಷಿಸಿದ:

“ಆಂಟೀ, ಮೀನ್ ವಾಸ್ನೆ!”

ಏಳು ಕರವಸ್ತ್ರಗಳ ಅರ್ಥ ಒಂದೇ ಸಲಕ್ಕೆ ನನ್ನ ತಲೆಗೆ ಹೋಯಿತು. ಶರಣ್ಯಾ “ಶ್! ಕೌಶಲ್!” ಎಂದು ಮಗನ ತೋಳು ಚಿವುಟಿದಳು. ಚಿವುಟಿದ್ದರಿಂದ ಮಾತು ವಾಪಸು ಹೋಗುವುದಿಲ್ಲವಲ್ಲ. ಕಿರೀಟ ಹಾಕಿಕೊಂಡು ಸೇತುವೆಯ ಮೇಲೆ ನಿಂತಿದ್ದ ದೀಕ್ಷಾ ನನ್ನ ಕಡೆ ನೋಡಿದಳು. ಅವತ್ತು ಕನ್ನಡಿಯಲ್ಲಿ ಕಂಡ ಮುಖ. ಅವಳ ಕೆಳತುಟಿ ಸಣ್ಣಗೆ ಹೊರಗೆ ಬಂತು. ಆ ಕ್ಷಣದಲ್ಲಿ ನೆಲ ಬಾಯಿ ಬಿಟ್ಟಿದ್ದರೆ ನಾನು ಅರಮನೆ ಸಮೇತ ಇಳಿದುಬಿಡುತ್ತಿದ್ದೆ.

ನೆಲ ಬಾಯಿ ಬಿಡಲಿಲ್ಲ. ಅದರ ಬದಲು ಕಿಟಕಿಯಲ್ಲಿ ಒಂದು ಬೆಕ್ಕು ಕಾಣಿಸಿತು.

ಕಿವಿ ಹರಿದ, ಕೇಸರಿ ಬಣ್ಣದ ಗಡವ. ಮೀನು ಮಾರ್ಕೆಟ್ಟಿನ ಖಾಯಂ ಗಿರಾಕಿ. ಅದು ಯಾರ ಕರವಸ್ತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಳಗೆ ಜಿಗಿದು, ಸೇತುವೆಯ ಮೇಲೆ ಗಂಭೀರವಾಗಿ ನಡೆದು, ಅರಮನೆಯ ಒಳಗೆ ಹೋಗಿ ಕೂತಿತು. ಅದರ ಹಿಂದೆ ಒಂದು ಕಪ್ಪು. ಹಿಂದಿನ ಬಾಗಿಲಿನಿಂದ ಎರಡು ಬಿಳಿ. ಆಮೇಲೆ ಮೂರು ಮರಿಗಳನ್ನು ಕಟ್ಟಿಕೊಂಡ ಒಬ್ಬಳು ಬಾಣಂತಿ. ಆಹ್ವಾನಪತ್ರಿಕೆ ಸಿಕ್ಕಿದವರ ಹಾಗೆ ಎಲ್ಲ ಸಾಲಾಗಿ ಬಂದವು.

“ಬೆಕ್ಕ್! ಎಂಟ್ ಬೆಕ್ಕ್!” ಕೌಶಲ್ ಕಿರುಚಿ, ಅಮ್ಮನ ಕೈ ಬಿಡಿಸಿಕೊಂಡು ಓಡಿದ. “ದೀಕ್ಷಾ, ಇದೆಲ್ಲ ನಿಮ್ಮದಾ?”

ದೀಕ್ಷಾಳ ತುಟಿ ಒಳಗೆ ಹೋಯಿತು. ಒಂದು ಗಳಿಗೆ ಯೋಚಿಸಿ, ರಾಣಿಯ ಗತ್ತಿನಲ್ಲೇ ಹೇಳಿದಳು: “ಹೌದ್. ನಮ್ಮನಿಗ್ ದಿನಾ ಬತ್ತೊ.”

ಆಮೇಲೆ ನಡೆದದ್ದಕ್ಕೆ ನನ್ನ ಯೋಜನಾಪಟ್ಟಿಯಲ್ಲಿ ಜಾಗ ಇರಲಿಲ್ಲ. ಕಾಗದದ ದೋಣಿ ಮಾಡುವ ಸ್ಪರ್ಧೆ ರದ್ದು. ಸಂಗೀತ ಕುರ್ಚಿ ರದ್ದು. ಕಿರೀಟವನ್ನು ಕೇಸರಿ ಗಡವನ ತಲೆಗೆ ಇಟ್ಟರು. ಅದು ಬೇಸರವಿಲ್ಲದೆ ಧರಿಸಿತು. ಕಪ್ಪು ಬೆಕ್ಕು ನನ್ನ ಮರ್ವಾಯಿ ಚಿಪ್ಪುಗಳನ್ನು ಒಂದೊಂದಾಗಿ ಕಿತ್ತು ನೆಕ್ಕಿ ನೋಡಿತು. ಮರಿಗಳು ಗಂಜಿಯ ಪೇಪರನ್ನು ಉಗುರಿನಿಂದ ಬಗೆದು ಗೋಡೆಯೊಳಗೆ ಹೊಕ್ಕವು. ಥರ್ಮೊಕೋಲು ಪುಡಿಪುಡಿಯಾಗಿ ಹಾರಿದಾಗ ಮಕ್ಕಳು “ಹಿಮ! ಹಿಮ!” ಎಂದು ಕುಣಿದರು. ಅತ್ತೆ ಬಾಗಿಲಲ್ಲಿ ಕಷಾಯದ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು.

“ಹ್ವಾಯ್, ಶೀತದವ್ರೆಲ್ಲ ಕುಡಿನಿ,” ಎಂದರು.

ಏಳು ಜನ ತಾಯಂದಿರೂ ಕೊನೆಯ ಹನಿಯವರೆಗೆ ಕುಡಿದರು. ಮರ್ಯಾದಸ್ಥರು.

ಸಂಜೆ ಏಳಕ್ಕೆ ಕೌಶಲ್‌ನನ್ನು ಅವನ ಅಮ್ಮ ಮೂಟೆಯಂತೆ ಹೊತ್ತುಕೊಂಡು ಹೋಗಬೇಕಾಯಿತು. ಅವನು ಅಳುತ್ತಿದ್ದ. ಅವಳು ಹೊರಗೆ ಹೋಗಿ ಉಸಿರೆಳೆದುಕೊಂಡ ಸದ್ದು ಗೇಟಿನಿಂದ ನನಗೆ ಕೇಳಿಸಿತು. ನನಗೆ ಅದು ಮಾತ್ರ ಕೇಳಿಸಿತು.

ಮರುದಿನ ಭಾನುವಾರ. ಬೆಳಿಗ್ಗೆಯೇ ಅರಮನೆಯ ಅವಶೇಷಗಳನ್ನು ಮೂರು ಗೋಣಿಗೆ ತುಂಬಿ ರತೀಶರ ಟೆಂಪೊಗೆ ಹೇರಿದೆ. “ಕಸದ್ ಜಾಗದಲ್ ಹಾಕಿ ಬನ್ನಿ. ಇನ್ನ್ ಒಂದ್ ಪೆಟ್ಟಿ ಸಾ ಮನಿಯೊಳ್ಗೆ ಬರೂಕಾಗ,” ಎಂದು ಕಟ್ಟಪ್ಪಣೆ ಮಾಡಿದೆ. ಅವರು ಎಲ್ಲ ಪೆಟ್ಟಿಗೆಗಳನ್ನೂ ಹೇರಿಕೊಂಡು ಹೋದರು. ನಾನು ಫಿನಾಯಿಲಿನಲ್ಲಿ ನೆಲ ಒರೆಸಿದೆ, ಗೋಡೆ ಒರೆಸಿದೆ, ದೀಕ್ಷಾಳ ಶಾಲೆಯ ಬ್ಯಾಗನ್ನು ಮೂರು ಸಲ ಒಗೆದೆ. ನಂತರ ಕೂತು ಡೈರಿಯಲ್ಲಿ ಬರೆದೆ: ‘ಇನ್ನು ಈ ಮನೆಗೆ ಯಾರೂ ತಮ್ಮ ಮಕ್ಕಳನ್ನು ಕಳಿಸಲಾರರು. ತಪ್ಪು ನನ್ನದು. ಮಗುವಿನ ಎದುರು ಅಳಬಾರದು.’

ಬರೆದು ತಲೆಯೆತ್ತಿದರೆ, ಮಗು ನನ್ನ ಫೋನು ಹಿಡಿದು ಜಗಲಿಯಲ್ಲಿ ಕೂತಿತ್ತು.

“ಎಂತ ಮಾಡ್ತಿದ್ದೆ ಮಗಾ?”

“ಎಲ್ಲರನ್ನೂ ಕರ್ದೆ.”

ಫೋನು ಕಿತ್ತುಕೊಂಡೆ. ತಾಯಂದಿರ ಗುಂಪಿನಲ್ಲಿ, ನನ್ನ ಹೆಸರಿನಲ್ಲಿ, ಒಂದು ಧ್ವನಿಸಂದೇಶ. ಒತ್ತಿದೆ. ನನ್ನ ಮಗಳ ಗಂಟಲು, ಮೈಕಿನಲ್ಲಿ ಕೂಗುವಂತೆ:

“ಎಲ್ಲರೂ ಕೇಣಿ! ನಮ್ಮನಿಲ್ ಫುಲ್ ಮೀನ್ ವಾಸ್ನಿ ಇತ್ತ್! ಅದ್ಕೇ ಬೆಕ್ಕ್ ಬಪ್ಪುದ್! ನಿಮ್ಮನಿಲ್ ವಾಸ್ನಿ ಇಲ್ದಿದ್ರೆ ಬೆಕ್ಕ್ ಬತ್ತಿಲ್ಲೆ! ಇವತ್ ಸಾ ನಾಲ್ಕ್ ಗಂಟಿಗ್ ಬನ್ನಿ!”

ಅಳಿಸಿಹಾಕುವ ಗುಂಡಿ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಇಪ್ಪತ್ತಮೂರು ಜನ ಕೇಳಿಯಾಗಿತ್ತು. ನಾನು ಫೋನನ್ನು ಬೋರಲು ಹಾಕಿ ಅದರ ಮೇಲೆ ಕೈಯಿಟ್ಟು ಕೂತೆ. ಅದು ಕೈಯ ಕೆಳಗೇ ಗುರ್ರೆಂದಿತು.

ಶರಣ್ಯಾ. ‘ಕೌಶಲ್ ಬೆಳಿಗ್ಗೆಯಿಂದ ಊಟ ಮಾಡ್ತಾ ಇಲ್ಲ. ನಾಲ್ಕಕ್ಕೇ ಬರುವುದಾ, ಮೂರಕ್ಕೆ ಬಂದರೂ ಆಗ್ತದಾ? ನನಗೆ ಶೀತ ಇದೆ, ನಾನು ಗೇಟಿನಲ್ಲೇ ಬಿಟ್ಟು ಹೋಗ್ತೇನೆ.’

ಅದರ ಕೆಳಗೆ ಇನ್ನೊಬ್ಬಳು. ‘ನಮ್ಮವನೂ.’ ಮತ್ತೊಬ್ಬಳು. ‘ನಮ್ಮವಳು ಈಗಲೇ ಚಪ್ಪಲಿ ಹಾಕಿ ನಿಂತಿದ್ದಾಳೆ.’

ನಾನು ಮನೆಯ ಸುತ್ತ ಕಣ್ಣಾಡಿಸಿದೆ. ನೆಲ ಫಳಫಳ ಹೊಳೆಯುತ್ತಿತ್ತು. ಫಿನಾಯಿಲಿನ ಘಮಕ್ಕೆ ಒಂದು ನೊಣ ಕೂಡ ಹತ್ತಿರ ಬರುತ್ತಿರಲಿಲ್ಲ. ಅಂಗಳದ ಗೋಡೆಯ ಮೇಲೆ ಕೇಸರಿ ಗಡವ ಬಂದು, ಗಾಳಿಯನ್ನು ಒಮ್ಮೆ ಮೂಸಿ, ನನ್ನನ್ನು ಕನಿಕರದಿಂದ ನೋಡಿ, ತಿರುಗಿ ಹೊರಟುಹೋಯಿತು.

“ಅಮ್ಮ!” ದೀಕ್ಷಾ ನನ್ನ ಕೈ ಜಗ್ಗಿದಳು. “ಬೆಕ್ಕ್ ಹೋಯ್ತ್! ವಾಸ್ನಿ ಎಲ್ಲಿ?”

ಗಂಟೆ ಆಗಲೇ ಒಂದೂವರೆ. ರತೀಶರಿಗೆ ಫೋನು ಹಚ್ಚಿದೆ. ಅವರು ವಂಡ್ಸೆಯಿಂದ ಹೊರಟಿದ್ದರು.

“ಹ್ವಾಯ್, ಎಲ್ಲಿದ್ರಿ? ಬಪ್ಪತಿಗೆ ನಾಲ್ಕ್ ಪೆಟ್ಟಿ ತನ್ನಿ.”

“ಬೆಳಿಗ್ಗೆ ಒಂದೂ ಬ್ಯಾಡ ಅಂದಿದ್ಯಲೆ? ಆಯ್ತ್, ತೊಳ್ದೇ ತತ್ತೆ.”

“ತೊಳುಕಾಗ!” ನಾನು ಕಿರುಚಿದ ಸದ್ದಿಗೆ ಅತ್ತೆ ಒಳಗಿನಿಂದ ಓಡಿಬಂದರು. “ದಮ್ಮಯ್ಯ, ಒಂದ್ ಹನಿ ನೀರ್ ಸಾ ಮುಟ್ಸ್‌ಬ್ಯಾಡಿ. ಬೇಗ ಬನ್ನಿ!”