ಶಿಶುಪಾಲನಾ ಕೊಠಡಿಗೆ ನಾನು ಬೀಗ ಹಾಕಲು ಹೊರಟದ್ದು

ನಮ್ಮ ಕಾಲೇಜಿನ ಶಿಶುಪಾಲನಾ ಕೊಠಡಿಯನ್ನು ಹದಿನೈದೇ ನಿಮಿಷದಲ್ಲಿ ಮುಚ್ಚಿಸುತ್ತೇನೆ ಎಂದು ಮನೆಮಂದಿಯ ಮುಂದೆ ಶಪಥ ಮಾಡಿದೆ. ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಜಾಗವಿಲ್ಲ. ಆ ಕೊಠಡಿಯಲ್ಲಿ ಸಿಬ್ಬಂದಿಯ ಮಕ್ಕಳು ಮಾತ್ರ ಕಾಲುಚಾಚಿ ಮಲಗಿರುತ್ತಾರೆ! ಮೂವತ್ತೆಂಟು ವರ್ಷ ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದರೂ ಆಡಳಿತ ಸಮಿತಿಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಹನ್ನೆರಡು ಪುಟಗಳ ಭಾಷಣ ಸಿದ್ಧವಾಯಿತು.

“ನಾನು ಮಗಳನ್ನು ಸಾಕಲಿಲ್ಲವೇ? ಆಗ ಯಾವ ಆಯಾ ಇದ್ದಳು?” ಎಂದು ಗಂಡನಿಗೆ ಓದಿ ಹೇಳಿದೆ.

“ಆಯಾ ಇರ್ಲಿಲ್ಲ. ನಮ್ಮಮ್ಮ ಇದ್ಲು,” ಎಂದರು, ಪತ್ರಿಕೆಯಿಂದ ತಲೆಯೆತ್ತದೆ.

ಆ ವಾಕ್ಯವನ್ನು ಭಾಷಣಕ್ಕೆ ಸೇರಿಸಲಿಲ್ಲ.

ಸಭೆಯ ದಿನ ಬೆಳಿಗ್ಗೆ ಗಂಡ ಹಲ್ಲು ಕೀಳಿಸಲು ಹೋಗಿದ್ದರು, ಬೇಕೆಂದೇ ಇರಬೇಕು. ಮಗಳು ಓಡಿಬಂದು ಎರಡು ವರ್ಷದ ಮೊಮ್ಮಗಳನ್ನು ನನ್ನ ಕಂಕುಳಿಗೆ ದಾಟಿಸಿದಳು. ಅವಳು ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ಕೊಡುವ ವೈದ್ಯೆ.

“ಮಗು ನೋಡ್ಕೊಳ್ಳೋಳಿಗೆ ಜ್ವರ. ಅಮ್ಮ, ಅಲ್ಲಿ ನಾನು ರೋಗೀನ ಮಲಗಿಸ್ತೀನಿ, ಇಲ್ಲಿ ನೀನು ಇವಳನ್ನ ಮಲಗಿಸು!”

“ನನಗೆ ಸಭೆ ಇದೆ ಕಣೇ!”

“ಹದಿನೈದು ನಿಮಿಷದ ಕೆಲಸ ಅಂದ್ಯಲ್ಲ!”

ಮಗುವನ್ನು ಎತ್ತಿಕೊಂಡೇ ಸಭೆಗೆ ನಡೆದೆ. ಅಧ್ಯಕ್ಷರ ಸ್ವಾಗತ ಮುಗಿಯುವಷ್ಟರಲ್ಲಿ ನನ್ನ ಕನ್ನಡಕ ನೆಲದ ಮೇಲಿತ್ತು. ಭಾಷಣದ ಮೂರನೆಯ ಪುಟ ನೀರಿನ ಜಗ್ಗಿನಲ್ಲಿ ಈಜುತ್ತಿತ್ತು. ನಾಲ್ಕನೆಯದು ಮಗುವಿನ ಬಾಯಲ್ಲಿತ್ತು. ಕಿತ್ತುಕೊಂಡೆ. ಅಬ್ಬಾ, ಆ ಅಳು! ಯಾವ ತರ್ಕಕ್ಕೂ ಬಗ್ಗುವ ಅಳುವಲ್ಲ. “ಎರಡು ನಿಮಿಷ” ಎಂದು ಎದ್ದವಳು, ಕಳ್ಳಿಯಂತೆ ಅತ್ತಿತ್ತ ನೋಡಿ, ಕಾರಿಡಾರಿನ ತುದಿಯಲ್ಲಿದ್ದ ಅದೇ ಶಿಶುಪಾಲನಾ ಕೊಠಡಿಗೆ ನುಗ್ಗಿದೆ!

ಅಲ್ಲಿದ್ದ ಆಯಾ ಮಗುವನ್ನು ಹೆಗಲಿಗೆ ಹಾಕಿಕೊಂಡಳು.

“ಮೀಟಿಂಗಾ ಅಮ್ಮಾ? ಈ ರೂಮು ಮುಚ್ತಾರಂತೆ. ಹತ್ತೊಂಬತ್ತು ಮಕ್ಕಳಿವೆ. ತಾಯಂದ್ರು ಕೆಲಸ ಬಿಡ್ಬೇಕಾಗುತ್ತೆ. ನೀವು ಓದಿದೋರು, ಒಂದು ಮಾತು ಹೇಳಿ.”

“ಹೇಳ್ತೀನಿ,” ಎಂದೆ. ಸುಳ್ಳಲ್ಲ. ಏನು ಹೇಳುತ್ತೇನೆಂದು ಮಾತ್ರ ಹೇಳಲಿಲ್ಲ.

ಇಷ್ಟಾದ ಮೇಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಾನು ಹೋಗಿ ಭಾಷಣ ಮಾಡಿದೆ! “ಹೆತ್ತ ಮಕ್ಕಳನ್ನು ಪರರ ಕೈಗೊಪ್ಪಿಸಿ ಹಾಯಾಗಿರುವ ತಾಯಂದಿರು...” ಎಂದು ಗುಡುಗುತ್ತಿರುವಾಗ ಬಾಗಿಲು ಮೆಲ್ಲನೆ ತೆರೆಯಿತು. ಆಯಾ!

“ಅಮ್ಮಾ, ನಿಮ್ಮ ಮೊಮ್ಮಗಳು ಮಲಗಿದ್ಲು. ಅವಸರ ಮಾಡ್ಬೇಡಿ, ನಿಧಾನವಾಗಿ ಮಾತಾಡಿ ಬನ್ನಿ.”

ಸಭೆ ಗೊಳ್ಳೆಂದಿತು. ಭೂಮಿ ಬಾಯಿ ಬಿಡಲಿಲ್ಲ. ಅದಕ್ಕೂ ಸಮಿತಿಯ ಒಪ್ಪಿಗೆ ಬೇಕಿತ್ತೇನೋ. ಉಳಿದ ಪುಟಗಳನ್ನು ಮಡಿಚಿ, “ನನ್ನ ಪ್ರಸ್ತಾಪವನ್ನು ಹಿಂತೆಗೆದುಕೊಳ್ಳುತ್ತೇನೆ” ಎಂದೆ.

“ಸರಿ ಮೇಡಂ. ಆದ್ರೆ ಪುಸ್ತಕಗಳಿಗೆ ರೂಮು ಬೇಕಲ್ಲ?” ಎಂದು ಗ್ರಂಥಪಾಲಕ ತಲೆ ಕೆರೆದುಕೊಂಡ. “ಎರಡನೇ ಮಹಡೀಲಿ ಒಂದಿದೆ. ಕಿಟಕಿ, ಫ್ಯಾನು, ಆರಾಮಕುರ್ಚಿ ಎಲ್ಲಾ ಇದೆ. ರಿಟೈರ್ ಆದೋರೊಬ್ರು ಆರು ವರ್ಷದಿಂದ ದಿನಾ ಮಧ್ಯಾಹ್ನ ಬಂದು ನಿದ್ದೆ ಮಾಡಿ ಹೋಗ್ತಾರೆ. ಬಿಟ್ಟುಕೊಡಿ ಅಂತ ಕೇಳೋಕೆ ನಮಗ್ಯಾರಿಗೂ ಧೈರ್ಯ ಇಲ್ಲ.”

ಆ ಕೋಣೆಯ ಬೀಗದ ಕೈ ನನ್ನ ಕೈಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟೆ.