ಒಂದು ಗೇಣಿನ ಅಹವಾಲು

ನಮ್ಮ ಸೋದರಮಾವ ನಮ್ಮೂರ ಪುರಸಭೆಯ ಅತ್ಯಂತ ಶಿಸ್ತಿನ ಸದಸ್ಯರಾಗಿದ್ದರು ಎಂದರೆ ಊರಿನವರು ಒಪ್ಪುವುದಿಲ್ಲ. ಯಾಕೆಂದರೆ ಅವರು ಸದಸ್ಯರೇ ಆಗಿರಲಿಲ್ಲ! ಒಂದು ಚುನಾವಣೆಗೂ ನಿಂತವರಲ್ಲ, ಯಾರ ಮನೆ ಬಾಗಿಲಿಗೂ ಹೋಗಿ ಓಟು ಕೇಳಿದವರಲ್ಲ. ಆದರೆ ಆರಿಸಿ ಬಂದ ಮಹನೀಯರೆಲ್ಲ ಮದುವೆ, ತಿಥಿ, ಹೊಟ್ಟೆನೋವು ಎಂದು ತಿಂಗಳ ಸಭೆಗೆ ಚಕ್ಕರ್ ಹೊಡೆಯುತ್ತಿದ್ದಾಗ, ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡು ತಪ್ಪದೆ ಕುಳಿತಿರುತ್ತಿದ್ದವರು ನಮ್ಮ ಮಾವ. ಒಮ್ಮೆ ಕೋರಂ ಇಲ್ಲವೆಂದು ಸಭೆಯನ್ನು ಮುಂದೂಡಲು ಹೊರಟಾಗ, "ನನ್ನ ಎಣಿಸಿಕೊಂಡು ಸುರು ಮಾಡ್ರಲ್ಲ, ನಾ ಏನು ಮನಷಾ ಅಲ್ಲೇನು?" ಎಂದು ಅಧ್ಯಕ್ಷರನ್ನೇ ಕೇಳಿದ ಪುಣ್ಯಾತ್ಮ!

ಊರ ಹೆಸರು ಬೇಡ ಬಿಡಿ. ಹಡಗಲಿಯ ಮಲ್ಲಿಗೆ ಬುಟ್ಟಿಗಳನ್ನು ಟಾಪಿನ ಮೇಲೆ ಹೇರಿಕೊಂಡು ಹರಪನಹಳ್ಳಿ ಕಡೆ ಹೋಗುವ ಬಸ್ಸು ನಮ್ಮೂರಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು, ಅಷ್ಟು ಸಾಕು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾವ ಸಂತೆಯಿಂದ ಸಂತೆಗೆ ಕಂಬಳಿ ಮಾರುತ್ತಿದ್ದರು. ನಾನು ಪುರಸಭೆಯಲ್ಲಿ ಗುಮಾಸ್ತ. ಹೈಸ್ಕೂಲು ಮುಗಿಯುವವರೆಗೆ ಮಾವನ ಮನೆಯಲ್ಲೇ ಇದ್ದು, ಅತ್ತೆ ಬಡಿದ ರೊಟ್ಟಿ ತಿಂದು, ಅತ್ತೆ ತಂದ ನೀರು ಮಿಂದು ಬೆಳೆದವನು. ಆ ನೀರಿನ ಮಾತು ಮುಂದೆ ಬರುತ್ತದೆ. ಬರದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅಹವಾಲು ಹೇಳಲು ಬರುವವರು ಅರ್ಜಿ ತರುತ್ತಾರೆ. ಮಾವನಿಗೆ ಓದು ಬರಹ ಬರುತ್ತಿರಲಿಲ್ಲ. ಹಾಗಾಗಿ ಅವರು ಅರ್ಜಿಯ ಬದಲು ವಸ್ತುವನ್ನೇ ತರುತ್ತಿದ್ದರು! "ಕಂಬಳಿ ಮಾರೋನು ಕಂಬಳಿ ಹಾಸಿ ತೋರಿಸಬೇಕು, ಬಾಯಿಲೆ ಹೇಳಿದ್ರ ಯಾರು ತಗೋತಾರ?" ಎಂಬುದು ಅವರ ನ್ಯಾಯ.

ಒಂದು ಸಲ ಸೊಳ್ಳೆ ತಂದರು. ಚರಂಡಿ ಕಟ್ಟಿಕೊಂಡು ಓಣಿಯ ತುಂಬ ಸೊಳ್ಳೆಗಳಾಗಿದ್ದವು. ಮಾವ ಒಂದು ಹಿತ್ತಾಳೆ ತಾಟಿಗೆ ಹರಳೆಣ್ಣೆ ಸವರಿ, ಸಂಜೆ ಚರಂಡಿಯ ಮೇಲೆ ನಾಲ್ಕು ಸಲ ಬೀಸಿ, ಕರ್ರಗಾದ ಆ ತಾಟನ್ನು ಮರುದಿನ ಅಧ್ಯಕ್ಷರ ಮೇಜಿನ ಮೇಲೆ, ಚಹಾದ ಕಪ್ಪಿನ ಪಕ್ಕದಲ್ಲೇ ಇಟ್ಟರು.

"ಇವೇನ್ರಿ?"

"ನಮ್ಮ ಓಣಿ ಸೊಳ್ಳಿ ಅದಾವ್ರಿ. ಎಣಿಸ್ರಿ."

ನಮ್ಮ ವಾರ್ಡಿನ ಸದಸ್ಯರು ಕನ್ನಡಕ ಸರಿಪಡಿಸಿಕೊಂಡು, ತಾಟನ್ನು ಬಗ್ಗಿ ನೋಡಿ, "ಇವು ನಮ್ಮ ವಾರ್ಡಿನವಲ್ಲ, ಆಚಿ ಕಡೆಯಿಂದ ಹಾರಿ ಬಂದಾವ" ಎಂದರು. ಆಚೆ ವಾರ್ಡಿನವರು ಬಿಡುತ್ತಾರೆಯೇ? ಸೊಳ್ಳೆ ಯಾರ ವಾರ್ಡಿನವು ಎಂಬುದರ ಮೇಲೆ ಊಟದ ಹೊತ್ತಿನವರೆಗೆ ಜಗಳವಾಯಿತು. ಚರಂಡಿಯ ಸುದ್ದಿ ಯಾರೂ ಎತ್ತಲಿಲ್ಲ.

ಇನ್ನೊಮ್ಮೆ ಹೋತ ತಂದರು. ಪೈಪಿಗೆಂದು ಪುರಸಭೆಯವರು ಮನೆ ಮುಂದೆ ಕುಣಿ ತೆಗೆದು ಮುಚ್ಚದೆ ಹೋಗಿದ್ದರು. ಅದರಲ್ಲಿ ಪಕ್ಕದ ಮನೆಯ ಹೋತ ಬಿದ್ದು ಕಾಲು ಉಳುಕಿಸಿಕೊಂಡಿತ್ತು. "ಬಿದ್ದಾಂವ ಇವನ ಅದಾನ್ರಿ, ಇವನ್ನ ಕೇಳ್ರಿ" ಎಂದು ಹಗ್ಗ ಹಿಡಿದು ಒಳಗೇ ಕರೆತಂದರು! ಎಲ್ಲರೂ ನಗುತ್ತಿರುವಾಗ ಹೋತ ಮಾತ್ರ ಗಂಭೀರವಾಗಿ ನನ್ನ ಮೇಜಿನ ಬಳಿ ಬಂದಿತು. ಸ್ವಲ್ಪ ಹೊತ್ತಿಗೆ ಅಧ್ಯಕ್ಷರು, "ಮುಂದಿನ ವಿಷಯ ಏನೈತಿ ಓದ್ರಿ" ಎಂದರು. ನಾನು ಎದ್ದು ನಿಂತು, "ಮುಂದಿನ ವಿಷಯ ಹೋತ ತಿಂದೈತ್ರಿ" ಎಂದು ಅರಿಕೆ ಮಾಡಿಕೊಂಡೆ. ಅಂದಿನ ಸಭೆಯಲ್ಲಿ ಒಂದು ವಿಷಯವಾದರೂ ಪೂರ್ತಿ ವಿಲೇವಾರಿ ಆಗಿದ್ದರೆ ಅದು ಅದೊಂದೇ!

ಈಗ ನಗು ಬರುತ್ತದೆ. ಆಗ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. "ನಿಮ್ಮ ಮಾವ ಈ ತಿಂಗಳ ಏನು ತರ್ತಾರಪಾ? ಎಮ್ಮಿ ತಂದ್ರ ಬಾಗ್ಲಾ ಅಗಲ ಮಾಡಸಬೇಕು" ಎಂದು ಜವಾನನವರೆಗೆ ಎಲ್ಲರೂ ಆಡಿಕೊಳ್ಳುವವರೇ. ಹೊಸ ನೌಕರಿ, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು. ಬೆಂಚಿನ ತುದಿಯಲ್ಲಿ ಕೂತವರು ನನ್ನ ಸಂಬಂಧಿಕರೇ ಅಲ್ಲವೆನ್ನುವ ಹಾಗೆ ಪುಸ್ತಕದೊಳಗೆ ಮುಖ ಹುಗಿಸುತ್ತಿದ್ದೆ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಇನ್ನು ನಳದ ಮಾತು. ನಮ್ಮ ಓಣಿಗೆ ನಳ ಬಂದಾಗ ಸರಿಯಾದ ಎತ್ತರಕ್ಕೇ ಕೂಡಿಸಿದ್ದರು. ಆಮೇಲೆ ಯಾರಿಗೋ ಕೆಸರಾಗುತ್ತದೆಂದು ಹೊಳೆದು, ನಳದ ಕೆಳಗೆ ಒಂದು ಗೇಣು ದಪ್ಪದ ಕಲ್ಲಿನ ಕಟ್ಟೆ ಕಟ್ಟಿಸಿದರು. ಕಟ್ಟೆ ಮೇಲೆದ್ದಿತು, ನಳ ಇದ್ದಲ್ಲೇ ಇತ್ತು. ನಡುವೆ ಕೊಡ ಹಿಡಿಸಲೊಲ್ಲದು! ತಂಬಿಗೆಯಲ್ಲಿ ನೀರು ಹಿಡಿದು, ಪಕ್ಕದಲ್ಲಿಟ್ಟ ಕೊಡಕ್ಕೆ ಸುರುವಬೇಕು. ಒಂದು ಕೊಡ ತುಂಬುವವರೆಗೆ ಹೆಂಗಸರು ಬಾಗಿದವರು ಬಾಗಿದ ಹಾಗೇ. ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಡ ಹೊರುತ್ತಿದ್ದವಳು ನಮ್ಮ ಅತ್ತೆ. ಬರಬರುತ್ತಾ ಮನೆಗೆ ಬಂದ ಮೇಲೂ ಸೊಂಟ ಹಿಡಿದುಕೊಂಡೇ ನಡೆಯುತ್ತಿದ್ದಳು.

ಮಾವ ಆ ತಿಂಗಳಿಂದ ಬೇರೆಲ್ಲ ಅಹವಾಲು ಬಿಟ್ಟರು. ಪ್ರತಿ ಸಭೆಗೂ ಒಂದೇ ಕೊಡ ತರತೊಡಗಿದರು.

"ಕಟ್ಟಿ ಒಡೀರಿ, ಇಲ್ಲಾ ನಳ ಏರಸ್ರಿ. ಒಂದ ಗೇಣು. ಬ್ಯಾರೆ ಏನೂ ಬ್ಯಾಡ್ರಿ."

ಕಟ್ಟೆ ಒಡೆಯುವ ಹಾಗಿರಲಿಲ್ಲ. ಅದರ ಮೇಲೆ ಉದ್ಘಾಟಿಸಿದ ಅಧ್ಯಕ್ಷರ ಹೆಸರು ಕೆತ್ತಿತ್ತು! ನಳ ಏರಿಸುವುದು ತಮ್ಮ ಕೈಯಲ್ಲಿಲ್ಲ ಎಂದರು ಎಂಜಿನಿಯರು. ಒಬ್ಬ ಸದಸ್ಯರು ಬುದ್ಧಿ ಓಡಿಸಿ, "ಒಂದು ರಬ್ಬರ್ ಟ್ಯೂಬ್ ಹಾಕ್ಕೊಳ್ರಿ, ಮುಗೀತು" ಎಂದರು.

"ಹಾಕಿದ್ವಿರಿ. ಸರ್ಕಾರಿ ನಳಕ್ಕ ಖಾಸಗಿ ಟ್ಯೂಬ್ ಹಾಕಬಾರದು ಅಂತ ನಿಮ್ಮವರ ಬಂದು ಕಿತ್ಕೊಂಡು ಹೋದ್ರು."

"ಹೌದೇನು? ಎಲ್ಲೈತಿ ಅದು ಈಗ?"

"ಅಧ್ಯಕ್ಷರ ಮನಿ ಹಿತ್ತಲದಾಗ ದಾಸವಾಳ ಗಿಡಕ್ಕ ನೀರು ಬಿಡಾಕ ಹತ್ತೈತ್ರಿ!"

ಸಭೆ ಗೊಳ್ಳೆಂದಿತು. ಅಧ್ಯಕ್ಷರೂ ನಕ್ಕರು. ಅವರ ನಗು ಬೇಗ ಮುಗಿಯಿತು, ಅಷ್ಟೇ ವ್ಯತ್ಯಾಸ.

ಸಭೆಯ ನಡಾವಳಿ ಪುಸ್ತಕ ಬರೆಯುವುದು ನನ್ನ ಕೆಲಸ. ನೌಕರಿಗೆ ಸೇರಿದ ವಾರದಲ್ಲೇ ನಮ್ಮ ಹೆಡ್ ಗುಮಾಸ್ತರು ಮಂತ್ರೋಪದೇಶ ಮಾಡಿದ್ದರು. "ನೋಡಪಾ, ಸದಸ್ಯರು ಹೇಳಿದ್ದು ಬರಿ. ಜನ ಹೇಳಿದ್ದು ಬರಿಬ್ಯಾಡ. ಬರದ್ರ ಉತ್ತರ ಕೊಡಬೇಕಾಗತೈತಿ. 'ಸಾರ್ವಜನಿಕರ ಅಹವಾಲುಗಳನ್ನು ಆಲಿಸಲಾಯಿತು' ಅಂತ ಒಂದು ಸಾಲು ಹಾಕು. ಆಲಿಸೀವಿ ಹೌದಲ್ಲ? ಸುಳ್ಳೇನೈತಿ ಅದ್ರಾಗ?"

ಹಾಗೇ ಮಾಡಿದೆ. ಮಾವನ ಸೊಳ್ಳೆ, ಹೋತ, ಕೊಡ ಎಲ್ಲ ಆ ಒಂದು ಸಾಲಿನಲ್ಲಿ ಮುಳುಗಿಹೋದವು. ಅಷ್ಟಕ್ಕೇ ನಿಂತಿದ್ದರೆ ಗುಮಾಸ್ತನ ಪಾಪ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಕೊಡ ತರತೊಡಗಿದಂದಿನಿಂದ ಪ್ರತಿ ಸಭೆ ಮುಗಿದ ಮೇಲೆ ಮಾವ ಹೊರಗೆ ಬೇವಿನ ಕಟ್ಟೆಯ ಮೇಲೆ ಕಾದು ಕುಳಿತಿರುತ್ತಿದ್ದರು.

"ಬರದಿಯೇನಲೇ ಅಳಿಯಾ?"

"ಬರದೀನಿ ಮಾವ."

"ಓದು ನೋಡೋಣು."

ಮೊದಲ ಸಲ ಪುಸ್ತಕ ತೆಗೆದೆ, ಆ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಬಾಯಿಗೆ ಬಂದದ್ದನ್ನು ಓದಿದೆ! "ಈ ಓಣಿಯ ಹಿರಿಯರು ಸಭೆಯ ಗಮನಕ್ಕೆ ತಂದದ್ದೇನೆಂದರೆ, ಗಂಗಮ್ಮ ತಾಯಿ ಓಣಿಯವರೆಗೆ ನಡೆದು ಬಂದರೂ ಕೊಡಕ್ಕೆ ಇಳಿಯಲಾರದೆ ಒಂದು ಗೇಣು ದೂರದಲ್ಲಿ ನಿಂತಿರುತ್ತಾಳೆ. ಮನೆಮನೆಯ ತಾಯಂದಿರು ಆಕೆಗೆ ದಿನಾ ಬಾಗಿ ಬಾಗಿ ಕೈಮುಗಿಯುತ್ತಿರುತ್ತಾರೆ..." ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, "ಏನ್ ಚಂದ ಬರದೀಯಲೇ! ನಾ ಇಷ್ಟು ಚಂದ ಹೇಳಿದ್ನೇನು?" ಎಂದರು.

ರುಚಿ ಹತ್ತಿತು ನೋಡಿ! ಪ್ರತಿ ತಿಂಗಳೂ ಹೊಸ ಹೊಸದಾಗಿ ಕಟ್ಟಿ ಓದತೊಡಗಿದೆ. ಅಧ್ಯಕ್ಷರು ಗದ್ಗದಿತರಾದರು ಎಂದು ಒಮ್ಮೆ. ಇಡೀ ಸಭೆ ಎದ್ದು ನಿಂತಿತು ಎಂದು ಇನ್ನೊಮ್ಮೆ. "ಎದ್ದು ನಿಂತರೇನು? ನಾ ನೋಡ್ಲಿಲ್ಲಲ್ಲ" ಎಂದು ಮಾವ ಅಚ್ಚರಿಪಟ್ಟರೆ, "ನೀವು ಹೊರಗ ಬಂದ ಮ್ಯಾಲ" ಎನ್ನುತ್ತಿದ್ದೆ. ಅವರು ಮನೆಗೆ ಹೋಗಿ ಅತ್ತೆಗೆ ಅದನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದರಂತೆ. "ಇನ್ನೇನು ಆತು ಬಿಡು. ಬುಕ್ಕಿನಾಗ ಬಿದ್ದ ಮ್ಯಾಲ ಎಲ್ಲಿ ಹೊಕ್ಕತಿ?" ಎಂದು ಅತ್ತೆ ಮತ್ತೆ ಕೊಡ ಎತ್ತಿಕೊಂಡು ಹೊರಡುತ್ತಿದ್ದಳಂತೆ. ಹೀಗೆ ನಾಲ್ಕು ವರ್ಷ! ನನ್ನ ನಾಲಗೆ ನಳಕ್ಕಿಂತ ಚೆನ್ನಾಗಿ ಹರಿಯುತ್ತಿತ್ತು.

ಒಂದು ಸಭೆಗೆ ಬಳ್ಳಾರಿಯಿಂದ ಸಾಹೇಬರೊಬ್ಬರು ತನಿಖೆಗೆ ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ಅಂದು ಸದಸ್ಯರೆಲ್ಲ ತಲೆ ಬಾಚಿಕೊಂಡು ಹಾಜರು. ಮಾವ ಎಂದಿನಂತೆ ಎದ್ದು, ಮೇಜಿನ ಮೇಲೆ ಕೊಡ ಇಟ್ಟು, ಗೇಣು ಹಾಕಿ ತೋರಿಸಿದರು. ಸಾಹೇಬರು ನಗಲಿಲ್ಲ.

"ಎಷ್ಟು ದಿನದಿಂದ ಹೇಳುತ್ತಿದ್ದೀರಿ?"

"ನಾಕು ವರ್ಷಾತ್ರಿ."

"ಹಿಂದಿನ ನಡಾವಳಿಯಲ್ಲಿ ಇದೆಯೇ? ಒಂದು ಸಲ ಬಂದಿದ್ದರೂ ಸಾಕು, ದುರಸ್ತಿ ಎಂದು ಈಗಲೇ ಇಲ್ಲೇ ರುಜು ಹಾಕುತ್ತೇನೆ. ಇಲ್ಲದಿದ್ದರೆ ಹೊಸ ಕಾಮಗಾರಿಯಾಗುತ್ತದೆ, ಕಾಗದ ಬಳ್ಳಾರಿಗೆ ಹೋಗಿ ಬರಬೇಕು."

ಮಾವನ ಮುಖ ಅರಳಿದ್ದನ್ನು ನಾನು ನೋಡಿದೆ. ನೋಡಬಾರದಾಗಿತ್ತು. "ಒಂದ್ಸಲ ಏನ್ರಿ ಸಾಹೇಬ್ರ, ಪ್ರತಿ ತಿಂಗಳೂ ಐತಿ! ನಮ್ಮ ಅಳಿಯನ ಬರದಾನ. ಗಂಗಮ್ಮ ಗೇಣು ದೂರ ನಿಂತಾಳ ಅಂತ ಬರದಾನ. ನಾ ಕಿವಿಯಾರೆ ಕೇಳೀನಿ. ಓದಲೇ ಅಳಿಯಾ, ಗಟ್ಟಿಯಾಗಿ ಓದು!"

ನಾನು ಪುಟ ತಿರುವಿದೆ. ಆಲಿಸಲಾಯಿತು. ಇನ್ನೊಂದು ಪುಟ. ಆಲಿಸಲಾಯಿತು. ಪ್ರತಿ ಪುಟದಲ್ಲೂ ನನ್ನದೇ ದುಂಡು ಅಕ್ಷರ, ನನ್ನದೇ ಒಂದು ಸಾಲು. ಸಾಹೇಬರು ಕೈ ಚಾಚಿದರು. "ಇಲ್ಲಿ ಕೊಡಿ, ನಾನೇ ನೋಡುತ್ತೇನೆ."

ಮಾವ ನನ್ನ ಕೈ ನೋಡಿದರು. ಅದು ಪುಸ್ತಕವನ್ನು ಬಿಡದೆ ಹಿಡಿದಿತ್ತು. ಆಮೇಲೆ ನನ್ನ ಮುಖ ನೋಡಿದರು. ಅಕ್ಷರ ಓದಲು ಬಾರದ ಆ ಮನುಷ್ಯ ನನ್ನ ಮುಖವನ್ನು ಒಂದೇ ಗುಕ್ಕಿಗೆ ಓದಿ ಮುಗಿಸಿದರು.

"ತಡೀರಿ ಸಾಹೇಬ್ರ," ಎಂದರು. "ನಂದ ತಪ್ಪು. ವಯಸ್ಸಾತು, ನೆಪ್ಪು ಉಳಿಯಂಗಿಲ್ಲ. ನಾ ಮೀಟಿಂಗಿನಾಗ ಹೇಳೇ ಇಲ್ಲ. ಹೊರಗ ಬೇವಿನ ಕಟ್ಟಿ ಮ್ಯಾಲ ಕುಂತು ಹೇಳಿದ್ದು. ಪಾಪ, ಆ ಹುಡುಗ ಹೆಂಗ ಬರದಾನು?"

ನಾಲ್ಕು ವರ್ಷ ಅವರ ಕೊಡವನ್ನು ಕಣ್ಣಾರೆ ಕಂಡ ಸದಸ್ಯರೆಲ್ಲ ಒಟ್ಟಾಗಿ ಫ್ಯಾನು ನೋಡಿದರು. ಸಾಹೇಬರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, "ಹಾಗಾದರೆ ಹೊಸದಾಗಿ ಬರೆದು ಕಳಿಸಿ" ಎಂದು ಮುಂದಿನ ವಿಷಯಕ್ಕೆ ಹೋದರು. ಮಾವ ಕೊಡ ಎತ್ತಿಕೊಂಡರು. ಬಾಗಿಲಲ್ಲಿ ಒಮ್ಮೆ ತಿರುಗಿ ಎಲ್ಲರಿಗೂ ಕೈಮುಗಿದರು. ಅಂದು ಬೇವಿನ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಮುಂದಿನ ತಿಂಗಳ ಸಭೆಗೆ ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಹೊಸದಾಗಿ ಬರೆದು ಕಳಿಸಬೇಕಾದದ್ದನ್ನು ಸಾಹೇಬರು ಊರು ದಾಟುವ ಮೊದಲೇ ಎಲ್ಲರೂ ಮರೆತಿದ್ದರು. ಮನೆಗೆ ಹೋದರೆ ಎಂದಿನಂತೆ ಮಾತಾಡಿಸುತ್ತಿದ್ದರು, ರೊಟ್ಟಿ ಉಣ್ಣಿಸದೆ ಬಿಡುತ್ತಿರಲಿಲ್ಲ. ಆ ಸುದ್ದಿ ಒಂದೇ ಒಂದು ಸಲ ಎತ್ತಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ! ಬಾಗಿಲ ಪಕ್ಕದ ಬೆಂಚಿನ ತುದಿ ಖಾಲಿ ಇರುವುದನ್ನು ನೋಡಲಾರದೆ, ಒಂದು ದಿನ ಹೆಡ್ ಗುಮಾಸ್ತರ ಮಂತ್ರ ಮುರಿದು ಪುಸ್ತಕದಲ್ಲಿ ಬರೆದೆ. ಯಾವ ಓಣಿ, ಯಾವ ನಳ, ಎಷ್ಟು ಎತ್ತರ, ಯಾರು ಎಷ್ಟು ವರ್ಷ ಹೇಳಿದರು, ಎಲ್ಲ ಇದ್ದದ್ದು ಇದ್ದ ಹಾಗೆ. ಅಧ್ಯಕ್ಷರು ಎಂದಿನಂತೆ ಓದದೆ ರುಜು ಹಾಕಿದರು. ಇಷ್ಟು ಸುಲಭವಿತ್ತು! ಮೊದಲ ತಿಂಗಳೇ ಬರೆಯಬಹುದಿತ್ತು.

ಕಾಗದ ಬಳ್ಳಾರಿಗೆ ಹೋಗಿ, ಎಲ್ಲೆಲ್ಲೋ ಕೂತು ಎದ್ದು ತಿರುಗಿ ಬರಲು ಎರಡು ವರ್ಷ ಹಿಡಿಯಿತು. ನಳ ಏರಿಸಲು ಹಿಡಿದದ್ದು ಅರ್ಧ ಗಂಟೆ. ಅಷ್ಟರಲ್ಲಿ ಅತ್ತೆಗೆ ಕೊಡ ಎತ್ತುವ ಶಕ್ತಿ ಉಳಿದಿರಲಿಲ್ಲ. ಬಾಗಿದ ಬೆನ್ನು ಮತ್ತೆ ನೆಟ್ಟಗಾಗಲೇ ಇಲ್ಲ.

ನಳ ಏರಿಸಿದ ದಿನ ಸಂಜೆ, ಕಚೇರಿಯಿಂದ ಹೊರಗೆ ಒಯ್ಯಬಾರದ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಅವರ ಮನೆಗೆ ಹೋದೆ. ಮಾವ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಆ ನಳದಿಂದ ತಾವೇ ತುಂಬಿ ತಂದ ಕೊಡ ಪಕ್ಕದಲ್ಲಿತ್ತು. ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಮಾವ, ಬರದೀನಿ. ಓದ್ಲೇನು?" ಎಂದೆ.

ಅವರು ಹಿಂದಿನ ಹಾಗೆಯೇ ಕಣ್ಣು ಮುಚ್ಚಿಕೊಂಡರು. ನಾನು ಬೆರಳಿಟ್ಟು, ಇದ್ದ ಅಕ್ಷರಗಳನ್ನೇ ಒಂದೊಂದಾಗಿ ಓದಿದೆ. ಮುಗಿದ ಮೇಲೆ ಮಾವ ಕಣ್ಣು ತೆರೆದು, ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ಛಲೋ ಐತಿ. ಆದ್ರ ಅಳಿಯಾ, ಹಿಂದಕಿನವು ಇದಕ್ಕಿಂತ ಚಂದ ಇದ್ವು."