ಎರಡು ಮೂಗಿನ ಕಾರು

ಆ ಭಾನುವಾರದ ರಾದ್ಧಾಂತವೆಲ್ಲ ಶುರುವಾದದ್ದು ಒಂದು ಹೂಕುಂಡದಿಂದ. ಹೂಕುಂಡ ಇನ್ನೂ ಹುಟ್ಟಿರಲಿಲ್ಲ, ನಕ್ಷೆಗಾರನ ಭಾವಮೈದನ ತಲೆಯೊಳಗಿತ್ತು. ಆತ ಗುಡ್ಡದ ನೆತ್ತಿಯಲ್ಲಿ ಹೊಸದಾಗಿ ಲಾಡ್ಜ್ ತೆರೆದಿದ್ದ. ಬಾಗಿಲ ಮುಂದೆ ಬಂದವರ ಕಣ್ಣು ಸೆಳೆಯುವಂಥದ್ದೇನಾದರೂ ಬೇಕಿತ್ತು. ತಂಗಿಯ ಗಂಡನ ಹಳೆಯ ಪುಟ್ಟ ಸ್ಪೋರ್ಟ್ಸ್ ಕಾರಿನ ಎಂಜಿನ್ ಎತ್ತಿ ಬಿಸಾಡಿ, ಆ ಗುಳಿಗೆ ಮಣ್ಣು ತುಂಬಿ ಸೇವಂತಿಗೆ ನೆಟ್ಟರೆ ಹೇಗೆ ಎಂದು ತಂಗಿಗೆ ಫೋನ್ ಮಾಡಿದ. ತಂಗಿ ತಿಂಡಿಯ ಹೊತ್ತಿಗೆ ಗಂಡನಿಗೆ ಹೇಳಿದಳು.

"ಸೇವಂತಿಗೆ," ಎಂದ ಗಂಡ.

"ಎರಡು ಬಣ್ಣದ್ದು. ಸೀಟಿನ ಮೇಲೆ ಬಳ್ಳಿ ಹಬ್ಬಿಸ್ತಾನಂತೆ. ಚೆನ್ನಾಗಿ ಕಾಣತ್ತೆ ಬಿಡಿ."

"ಅದು ಕಾರು ಕಣೆ."

"ಓಡಿದ್ರೆ ತಾನೆ ಕಾರು ಅನ್ನೋದು?"

ಅವನು ಸರ್ವೆ ಕಚೇರಿಯಲ್ಲಿ ನಕ್ಷೆಗಾರ. ಗುಡ್ಡಗಳ ಎತ್ತರವನ್ನು ಸುತ್ತುಗೆರೆಗಳಲ್ಲಿ ಬಿಡಿಸುವುದು ಅವನ ಕೆಲಸ. ಮಧ್ಯಾಹ್ನ ಊಟವಾದ ಮೇಲೆ, ಕಿಟಕಿಯ ಬಿಸಿಲು ಕಾಗದದ ಮೇಲೆ ಚೆಲ್ಲಿದಾಗ, ಅವನ ಪೆನ್ಸಿಲ್ ತಾನಾಗಿ ಕಾರಾಗುತ್ತಿತ್ತು. ತಿರುವಿನಲ್ಲಿ ನಿಧಾನ, ಆಮೇಲೆ ವೇಗ. ಗಂಟಲಿನಲ್ಲೇ ಗೇರ್ ಬದಲಾಗುತ್ತಿತ್ತು. ಒಮ್ಮೆ ಸಾಹೇಬರು ಪಕ್ಕದಲ್ಲೇ ನಿಂತು, "ಹೊಟ್ಟೆ ಸರಿಯಿಲ್ವೇನ್ರೀ?" ಎಂದು ಕೇಳಿದ್ದರು. ಕಾಗದದ ಮೇಲೆ ಅವನು ಹತ್ತದ ಗುಡ್ಡವಿರಲಿಲ್ಲ. ನೆಲದ ಮೇಲೆ ಮಾತ್ರ ಆ ಬಾಟಲಿಹಸಿರು ಕಾರು ಗುಡ್ಡದ ಎರಡನೇ ತಿರುವು ಬಂದೊಡನೆ, ಮದುವೆಮನೆಯಲ್ಲಿ ಮುನಿಸಿಕೊಂಡ ನೆಂಟನ ಹಾಗೆ, ನಿಂತುಬಿಡುತ್ತಿತ್ತು.

"ಸಾಯಂಕಾಲ ಅಣ್ಣ ಕರ್ದಿದಾನೆ," ಎಂದಳು ಹೆಂಡತಿ. "ಇದ್ರಲ್ಲೇ ಹೋಗೋಣ. ಎಲ್ಲೂ ನಿಲ್ಲದೆ ಮೇಲೆ ಹತ್ತಿದ್ರೆ ಕಾರು ಮನೇಲಿರತ್ತೆ. ನಡುವೆ ನಿಂತ್ರೆ ಅಲ್ಲಿಂದಲೇ ಅಣ್ಣ ಎಳೆಸ್ಕೊಂಡು ಹೋಗ್ತಾನೆ. ಆಯ್ತಾ?"

ಆಗಲಿ ಎನ್ನುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ಅಂಗಳದಲ್ಲಿ ಬಾನೆಟ್ ಎತ್ತಿದ್ದೇ ತಡ, ಕೆಳಮನೆಯ ಹಲ್ಲಿನ ಡಾಕ್ಟರಮ್ಮ ಬಂದರು. ಭಾನುವಾರ ಯಾರೂ ಬಾಯಿ ತೆರೆದು ಕೂರುವುದಿಲ್ಲವಾದ್ದರಿಂದ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ.

"ಏನ್ ತೊಂದ್ರೆ?"

"ಹತ್ತುವಾಗ ಶಕ್ತಿ ಇಲ್ಲ ಡಾಕ್ಟ್ರೆ."

"ತೋರ್ಸಿ," ಎಂದು ಅವರು ತಮ್ಮ ಪುಟ್ಟ ಕನ್ನಡಿಯನ್ನು ಎಂಜಿನ್ನಿನೊಳಗೆ ಇಳಿಸಿದರು. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿಸಿ ಬಿಳಿಯ ಟ್ರೇಯಲ್ಲಿ ಜೋಡಿಸಿಕೊಂಡು, ಕೊಕ್ಕೆಯಿಂದ ಒಂದೊಂದರ ಮಸಿಯನ್ನೂ ಕೆರೆದು ತೆಗೆದರು. "ಎಷ್ಟು ಕಟ್ಕೊಂಡಿದೆ ನೋಡಿ. ವರ್ಷಕ್ಕೊಂದ್ಸಲ ಉಜ್ಜಿದ್ರೂ ಹೀಗಾಗ್ತಿರ್ಲಿಲ್ಲ. ಎರಡನೇದು ಇನ್ನೇನು ಕೀಳೋ ಹಂತಕ್ಕೆ ಬಂದಿದೆ." ಪ್ಲಗ್ಗುಗಳು ಅವರ ಅಂಗೈಯಲ್ಲಿ ಹೊಸ ಬೆಳ್ಳಿಯ ಹಾಗೆ ಹೊಳೆದವು. ನಕ್ಷೆಗಾರ ಸಂತೋಷದಿಂದ ಅವನ್ನು ಒಂದೊಂದಾಗಿ ಮತ್ತೆ ಬಿಗಿದ.

ಅವನು ಕೈ ತೊಳೆಯಲು ಒಳಗೆ ಹೋಗಿ ಬರುವಷ್ಟರಲ್ಲಿ ಡಾಕ್ಟರಮ್ಮ ಇನ್ನೊಂದು ಉಪಕಾರ ಮಾಡಿದ್ದರು. ಪ್ಲಗ್ಗುಗಳಿಗೆ ಕಿಡಿ ಒಯ್ಯುವ ನಾಲ್ಕು ತಂತಿಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುವುದು ಅವರ ಕಣ್ಣಿಗೆ ಹಿಂಸೆಯಾಗಿತ್ತು. ಅವನ್ನು ಕಿತ್ತು, ಬಾಯಲ್ಲಿ ಹಲ್ಲು ಇರುವ ಹಾಗೆ, ಒಂದು ಎರಡು ಮೂರು ನಾಲ್ಕು ಎಂದು ನೀಟಾಗಿ ಸಿಕ್ಕಿಸಿದ್ದರು. ಆ ಎಂಜಿನ್ನಿಗೆ ಕಿಡಿ ತಲುಪಬೇಕಾದ ಸರದಿ ಬೇರೆ: ಒಂದು, ಮೂರು, ನಾಲ್ಕು, ಎರಡು. ಅದು ಹಲ್ಲಿನ ಶಾಸ್ತ್ರದಲ್ಲಿಲ್ಲ.

ನಕ್ಷೆಗಾರ ಕೀ ತಿರುಗಿಸಿದ. ಕಾರು ಒಮ್ಮೆ ಬಿಕ್ಕಿತು. ಆಮೇಲೆ ಸೈಲೆನ್ಸರಿನಿಂದ ಢಂ ಎಂದಿತು. ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಮೇಲೆದ್ದವು. ಒಂದು ಕಪ್ಪು ಹೊಗೆಯ ಉಂಗುರ, ಏನೂ ಅವಸರವಿಲ್ಲದೆ, ಅಂಗಳದ ಮೇಲೆ ತೇಲುತ್ತಾ ಹೋಗಿ ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿಯ ಅಂಗಿಯೊಂದರ ಎದೆಗೆ ಒರಗಿ ಮಾಯವಾಯಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ನೋಡಲು ಚೆನ್ನಾಗಿಯೇ ಇತ್ತು.

ಅಂಗಿ ಮೇಲ್ಮಹಡಿಯ ಪಿಟೀಲು ಮೇಷ್ಟ್ರದ್ದು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಇಳಿದು ಬಂದರು.

"ಕ್ಷಮಿಸಿ ಮೇಷ್ಟ್ರೆ, ನಾನೇ ಒಗೆದು ಕೊಡ್ತೀನಿ," ಎಂದ ನಕ್ಷೆಗಾರ, ತಂತಿಗಳನ್ನು ಸರಿಯಾದ ಸರದಿಗೆ ಹಾಕುತ್ತ.

"ಅಂಗಿ ಹಾಳಾಗಿ ಹೋಗ್ಲಿ ಬಿಡಿ. ನಾನು ವರ್ಷದಿಂದ ಕೇಳ್ಬೇಕು ಅಂತಿದೀನಿ. ಈ ಗಾಡಿ ಎರಡು ಶ್ರುತೀಲಿ ಯಾಕೆ ಹಾಡತ್ತೆ?"

ಆ ಎಂಜಿನ್ನಿಗೆ ಕಾರ್ಬ್ಯುರೇಟರುಗಳು ಎರಡು, ಮುಂದೊಂದು ಹಿಂದೊಂದು. ಗಾಳಿಗೆ ಪೆಟ್ರೋಲ್ ಬೆರೆಸಿ ಒಳಗೆಳೆದುಕೊಳ್ಳುವ ಎರಡು ಮೂಗುಗಳೆನ್ನಿ. ಎರಡೂ ಒಂದೇ ಸಮನೆ ಉಸಿರಾಡಿದರೆ ಎಂಜಿನ್ನಿಗೆ ಪೂರ್ತಿ ಬಲ. ಇದನ್ನು ಪರೀಕ್ಷಿಸಲು ನಕ್ಷೆಗಾರ ಒಂದು ಮೊಳ ರಬ್ಬರ್ ಕೊಳವೆ ಇಟ್ಟುಕೊಂಡಿದ್ದ. ಅದರ ಒಂದು ತುದಿ ಮೂಗಿನ ಬಳಿ, ಇನ್ನೊಂದು ತನ್ನ ಕಿವಿಯಲ್ಲಿ. ಎರಡರ ಸುಯ್ಲೂ ಒಂದೇ ಆಗುವ ತನಕ ಸ್ಕ್ರೂ ತಿರುಗಿಸಬೇಕು.

"ಪ್ರತಿ ವಾರ ಸಮ ಮಾಡ್ತೀನಲ್ಲ ಮೇಷ್ಟ್ರೆ. ನೋಡಿ ಬೇಕಾದ್ರೆ." ಕಾರು ಗೋಡೆಗೆ ಒತ್ತಿ ನಿಲ್ಲುತ್ತಿದ್ದುದರಿಂದ ಅವನು ಮುಂದಿನದಕ್ಕೆ ಬಲಗಿವಿ ಕೊಟ್ಟು ಕೇಳಿದ, ಗೋಡೆಸಂದಿಯಲ್ಲಿ ತೂರಿ, ಹಿಂದಿನದಕ್ಕೆ ಎಡಗಿವಿ ಕೊಟ್ಟು ಕೇಳಿದ. "ಎರಡೂ ಒಂದೇ."

ಮೇಷ್ಟ್ರು ಕೊಳವೆ ಇಸಿದುಕೊಂಡು ಎರಡನ್ನೂ ಒಂದೇ ಕಿವಿಯಿಂದ ಕೇಳಿದರು. "ಹಿಂದಿಂದು ಚೀರ್ತಾ ಇದೆ. ಮುಂದಿಂದು ಪಿಸುಗುಡ್ತಿದೆ."

ಡಾಕ್ಟರಮ್ಮ ನಕ್ಷೆಗಾರನ ಎಡಗಿವಿಯ ಹಿಂದೆ ನಿಂತು ಮೆಲ್ಲಗೆ ಏನೋ ಹೇಳಿದರು. ಅವನು ತಿರುಗಲಿಲ್ಲ. ಇನ್ನೊಮ್ಮೆ ಹೇಳಿದರು. ಆಗಲೂ ಅವನು ಎಂಜಿನ್ನನ್ನೇ ಪ್ರೀತಿಯಿಂದ ನೋಡುತ್ತಿದ್ದ.

"ಎಡಗಿವಿ ಅರ್ಧ ಕೇಳಿಸಲ್ಲ ಇವರಿಗೆ," ಎಂದು ಅವರು ಎಲ್ಲರಿಗೂ ಸಾರಿದರು.

ಸದ್ದು ಕೇಳಿ ಹೊರಗೆ ಬಂದಿದ್ದ ಹೆಂಡತಿ ಮೆಟ್ಟಿಲ ಮೇಲೆ ಕುಳಿತಳು. "ಅದಕ್ಕೇ. ಮಲಗೋವಾಗ ನಾನು ಯಾವತ್ತೂ ಆ ಕಡೆನೇ ಇರೋದು. ಇಷ್ಟು ವರ್ಷ ಹೂಂ ಹೂಂ ಅಂತಿದ್ರಲ್ಲ, ಯಾವುದಕ್ಕೆ?"

ನಕ್ಷೆಗಾರನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಮೇಷ್ಟ್ರೆ, ನೀವೇ ಸರಿ ಮಾಡ್ಕೊಡಿ," ಎಂದ. ಮೇಷ್ಟ್ರು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಸ್ಕ್ರೂ ಹಿಡಿದ ಬೆರಳಲ್ಲಿ ಪಿಟೀಲಿನ ಕಮಾನು ಹಿಡಿಯಲು ಆಗುವುದಿಲ್ಲವಂತೆ. ಹಾಗೆ ಕೊಳವೆಯೂ ಸ್ಕ್ರೂಡ್ರೈವರೂ ಹೆಂಡತಿಯ ಕೈಗೆ ಬಂದವು.

ಅವಳು ಬೇಸರದಿಂದಲೇ ಬಗ್ಗಿ ಕೊಳವೆಯನ್ನು ಕಿವಿಗಿಟ್ಟುಕೊಂಡಳು. ಕಣ್ಣು ತಾವಾಗಿ ಮುಚ್ಚಿಕೊಂಡವು. ಬೆರಳು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿತು. ಮತ್ತೆ ಆ ಕಡೆ. ಮತ್ತೆ ಈ ಕಡೆ. ಒಲೆಯ ಮೇಲೇನೋ ಇದೆ ಎಂದು ಡಾಕ್ಟರಮ್ಮ ನೆನಪಿಸಿದರು. ಅವಳು ಕೈ ಬೀಸಿದಳು, ಇರಲಿ ಎಂಬಂತೆ. ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ಒಳಗಿನಿಂದ ಸೀದ ವಾಸನೆ ಬಂದು, ಯಾರೂ ವಿಚಾರಿಸದೆ ಹೊರಟುಹೋಯಿತು. ಒಂದು ಗಳಿಗೆಯಲ್ಲಿ ಎರಡು ಸದ್ದುಗಳು, ಎರಡು ಹೊಳೆ ಕೂಡಿದ ಹಾಗೆ, ಒಂದಾದವು. ಎಂಜಿನ್ ನಡುಗುವುದನ್ನು ನಿಲ್ಲಿಸಿತು. ಮಡ್ಗಾರ್ಡಿನ ಮೇಲಿಟ್ಟಿದ್ದ ಲೋಟದ ನೀರು ಅಲುಗದೆ ನಿಂತಿತು.

"ಹೂಂ," ಎಂದಳು ಅವಳು, ಕಣ್ಣು ತೆರೆಯದೆ.

ಸಂಜೆ ಇಬ್ಬರೂ ಹೊರಟರು. ಅವನು ಓಡಿಸಿದ, ಅವಳು ಪಕ್ಕದಲ್ಲಿ ಕೂತಳು. ಮೊದಲ ತಿರುವು ಕಳೆಯಿತು. ಎರಡನೆಯದು ಬಂತು. "ಎರಡನೇ ಗೇರು, ಈಗ," ಎಂದಳು ಅವಳು ನಿದ್ದೆಯಲ್ಲಿ ಮಾತಾಡುವವಳಂತೆ. ಅವನು ಹಾಕಿದ. ಕಾರು, ಯಾರೋ ಬೆನ್ನಿಗೆ ಮೆತ್ತಗೆ ಕೈ ಕೊಟ್ಟು ನೂಕಿದ ಹಾಗೆ, ಮುಂದೆ ಚಿಮ್ಮಿತು. ತಾನು ಎಷ್ಟೋ ಸಲ ಬಿಡಿಸಿದ್ದ ಸುತ್ತುಗೆರೆಗಳು ಒಂದೊಂದಾಗಿ ಚಕ್ರದಡಿ ಸರಿದುಹೋಗುತ್ತಿವೆ ಎನಿಸಿತು ಅವನಿಗೆ. ಊರು ಕೆಳಗೆ ಕೆಳಗೆ ಹೋಯಿತು, ಮನೆಗಳು ರಬ್ಬರಿನಿಂದ ಅಳಿಸಬಹುದಾದಷ್ಟು ಚಿಕ್ಕವಾದವು. "ಮೂರು," ಎಂದಳು. ಮೋಡವೊಂದು ರಸ್ತೆಯ ಪಕ್ಕದಲ್ಲೇ ಬಂತು, ಸ್ವಲ್ಪ ದೂರ ಜೊತೆಗೆ ಓಡಿ ಹಿಂದೆ ಬಿತ್ತು.

ನೆತ್ತಿಯಲ್ಲಿ ಭಾವಮೈದ ಗುದ್ದಲಿ ಹಿಡಿದು ನಿಂತಿದ್ದ. ಪಕ್ಕದ ವ್ಯಾನಿನಲ್ಲಿ ಎಳೆಯಲು ಹಗ್ಗವೂ ಸಿದ್ಧವಿತ್ತು.

"ಅಣ್ಣ, ಕಾರು ಕೊಡಲ್ಲ," ಎಂದಳು ತಂಗಿ.

"ಯಾಕೆ, ನಿಲ್ಲಲೇ ಇಲ್ವಾ?" ಎಂದು ಅವನು ನಿಜವಾಗಿ ನೊಂದುಕೊಂಡ.

ನಕ್ಷೆಗಾರನ ಜೀವ ಬಲೂನಿನಂತೆ ಹಗುರಾಯಿತು. ಆ ಹಗುರಿನಲ್ಲೇ, ಹೆಂಡತಿ ಕೈ ಚಾಚಿ, "ಕೀ ಕೊಡಿ. ಮೊದಲನೇ ತಿರುವಿನ ತನಕ ಹೋಗಿ ಬರ್ತೀನಿ," ಎಂದಾಗ ಯೋಚಿಸದೆ ಕೊಟ್ಟುಬಿಟ್ಟ. ಮದುವೆಗೆ ಮುಂಚೆ ಅವಳು ಅಣ್ಣನ ವ್ಯಾನ್ ಓಡಿಸುತ್ತಿದ್ದವಳೇ.

ಗಂಡಸರಿಬ್ಬರೂ ಕಟಕಟೆಗೆ ಒರಗಿ ನೋಡಿದರು. ಹಸಿರು ಕಾರು ಮೊದಲ ತಿರುವು ದಾಟಿತು. ಎರಡನೆಯದನ್ನೂ ದಾಟಿತು.

"ತಿರುಗಿಸ್ಲಿಲ್ಲವಲ್ಲ ಭಾವ," ಎಂದ ಭಾವಮೈದ.

"ಜಾಗ ಸಿಕ್ಕಿರಲ್ಲ," ಎಂದ ನಕ್ಷೆಗಾರ. ಕಾರು ಊರೊಳಗೆ ಕರಗಿತು.

ಕತ್ತಲಾಗುವ ಮುಂಚೆ ಅವನು ಭಾವಮೈದನ ವ್ಯಾನಿನಲ್ಲಿ ಮನೆಗೆ ಬಂದ. ಅಂಗಳದ ಬಾಗಿಲಿನಿಂದ ಬೀದಿಯ ತಿರುವಿನ ತನಕ ಜನ ಸಾಲಾಗಿ ನಿಂತಿದ್ದರು. ಡಾಕ್ಟರಮ್ಮ ಆಗಲೇ ಒಂದು ಸುತ್ತು ಮುಗಿಸಿ, ಕೂದಲೆಲ್ಲ ನೆಟ್ಟಗಾಗಿ, ಇನ್ನೊಂದು ಸುತ್ತಿಗೆ ಮತ್ತೆ ನಿಂತಿದ್ದರು. ಪಕ್ಕದ ಸೀಟು ಒಂದೇ ಆದ್ದರಿಂದ ಒಬ್ಬೊಬ್ಬರನ್ನೇ ಕರೆದೊಯ್ಯುತ್ತಿದ್ದಳಂತೆ. ಆ ಹೊತ್ತಿಗೆ ಮೇಷ್ಟ್ರ ಸರದಿ ನಡೆಯುತ್ತಿತ್ತು.

ನಕ್ಷೆಗಾರ ನೇರ ಮುಂದೆ ಹೋದ.

"ಸಾರ್, ಲೈನಲ್ಲಿ ಬನ್ನಿ," ಎಂದ ಮೂಲೆಯ ಅಂಗಡಿಯವನು.

"ಇದು ನನ್ನ ಕಾರು ಕಣಪ್ಪ."

"ಹಿಂದಿರೋ ಅಜ್ಜನೂ ಅವಸರದ ಕೆಲ್ಸ ಇದೆ ಅಂತಿದಾರೆ. ಎಲ್ಲರಿಗೂ ಒಂದೊಂದು ಕಾರಣ ಇರತ್ತೆ ಸಾರ್."

ಅವನು ಸಾಲಿನ ಕೊನೆಗೆ ಹೋಗಿ ನೋಡಿದರೆ ಅಲ್ಲಿ ಭಾವಮೈದ ಆಗಲೇ ನಿಂತಿದ್ದ. "ನಾನು ಮೊದ್ಲು ಬಂದೆ ಭಾವ," ಎಂದ ಆತ, ಕಣ್ಣು ತಪ್ಪಿಸಿ.

ಬೀದಿದೀಪಗಳು ಹತ್ತಿದವು. ಕಾರು ಬಂತು, ಹೋಯಿತು, ಬಂತು. ಪ್ರತಿ ಸಲವೂ ಅದರ ದನಿ ಬೀದಿಯ ಮೂಲೆಯಿಂದ ಮುಂಚಿತವಾಗಿ ತೇಲಿ ಬರುತ್ತಿತ್ತು, ಯಾರೋ ದೂರದಲ್ಲಿ ಒಂದೇ ಸ್ವರವನ್ನು ಬಿಡದೆ ಹಿಡಿದ ಹಾಗೆ. ಎಲ್ಲರದೂ ಆಗಿ, ಭಾವಮೈದನೂ ಇಳಿದು, ವ್ಯಾನ್ ಹತ್ತಿ ಹೋದ.

ನಕ್ಷೆಗಾರ ಪಕ್ಕದ ಸೀಟಿನಲ್ಲಿ ಮೊಣಕಾಲು ಮಡಚಿ ಕೂತ. ತನ್ನ ಕಾರನ್ನು ಈ ಕಡೆಯಿಂದ ಅವನು ಕಂಡದ್ದು ಇದೇ ಮೊದಲು. "ಗುಡ್ಡಕ್ಕಾ?" ಎಂದು ಹೆಂಡತಿ ಕೇಳಿದಳು. ಅವಳ ಮುಖದಲ್ಲಿ ಅವನು ಮದುವೆಯಾದ ಹೊಸದರಲ್ಲೂ ಕಾಣದ ಹೊಳಪಿತ್ತು. ಅವನು ತಲೆಯಾಡಿಸಿದ.

ಕಾರು ಬೀದಿ ದಾಟಿ, ಬಯಲ ರಸ್ತೆಗೆ ಬಂದು, ಒಂದು ದೀರ್ಘ ನಿಟ್ಟುಸಿರು ಬಿಟ್ಟು ನಿಂತಿತು.

"ಪೆಟ್ರೋಲ್ ಮುಗೀತು ಅನ್ಸತ್ತೆ," ಎಂದಳು ಅವಳು. "ಬಂಕ್ ಆ ದೀಪ ಕಾಣತ್ತಲ್ಲ, ಅಲ್ಲೇ. ಸ್ವಲ್ಪ ಇಳೀತೀರಾ?"

ಅವನು ಇಳಿದು ಹಿಂದೆ ಹೋಗಿ ಕೈ ಕೊಟ್ಟ. ದೀಪ ಚುಕ್ಕಿಯಷ್ಟಿತ್ತು. ಕಾರು ಮೆಲ್ಲಗೆ ಉರುಳತೊಡಗಿತು, ಸದ್ದೇ ಇಲ್ಲದೆ, ಕನಸಿನಲ್ಲಿ ಉರುಳುವ ಹಾಗೆ. ಅವಳು ಸ್ಟಿಯರಿಂಗ್ ಹಿಡಿದು, ತಲೆ ಸ್ವಲ್ಪ ವಾಲಿಸಿ, ಅವನ ಏದುಸಿರನ್ನೇ ಕೇಳುತ್ತಿದ್ದಳು.

"ಒಂದೇ ಸಮ ತಳ್ಳಿ ರೀ," ಎಂದಳು ತುಸು ಹೊತ್ತಿನ ಮೇಲೆ. "ನಡುನಡುವೆ ಉಸಿರು ತಪ್ತಾ ಇದೆ. ನಾಳೆ ಬೆಳಿಗ್ಗೆ ನಿಮ್ಮನ್ನೂ ಸ್ವಲ್ಪ ನೋಡಬೇಕು."